ಗಂಟಿ ಆತು, ಇವರು ಓಡಿದ್ರು

ನಮ್ಮನ್ಯಾಗ ಇಂಥಾವು ಆಗ್ತಾನ ಇರ್ತಾವ. ಬೆಂಕಿ ಆರಿಸಾಂವನ ಹೆಂಡತಿ ಆಗಿ ಹನ್ನೊಂದು ವರ್ಷಾತು, ಒಂದು ವಾರನರ ನಗಲಾರದ ಹೋಗಿದ್ದು ನನಗ ನೆನಪಿಲ್ಲ. ಅಳೂ ಪ್ರಸಂಗನೂ ಬರ್ತಾವ, ಆದ್ರ ಅಳಬೇಕಂದ್ರ ಒಂದು ಘಳಿಗಿ ಪುರಸೊತ್ತು ಸಿಗಬೇಕಲ್ಲ?

ನಾವಿರೂದು ಪುಣೆದಾಗ, ಫೈರ್ ಬ್ರಿಗೇಡ್ ಠಾಣೆದ ಮ್ಯಾಲ. ಕೆಳಗ ಕೆಂಪು ಗಾಡಿ ನಿಂತಿರ್ತಾವ, ಎರಡನೇ ಮಾಳಗಿ ಮ್ಯಾಲ ನಮ್ಮ ಎರಡು ಖೋಲಿ. ಮಂದಿ ನಾಲ್ಕ: ನಾನು, ನಮ್ಮನಿಯವರು, ನಮ್ಮತ್ತಿ, ಮೂರನೇತ್ತೆ ಕಲಿಯೂ ಮಗಳು. ಅತ್ತಿ ಮಾವ ಕಟ್ಟಡ ಕೆಲಸಕ್ಕಂತ ಕಲಬುರ್ಗಿ ಕಡಿಂದ ಬಂದವರು. ಮಾವ ಈಗಿಲ್ಲ. ಅವರ ಮಗ ಸರ್ಕಾರಿ ಡ್ರೆಸ್ ಹಾಕ್ಕೊಂಡಾಗ ಅತ್ತಿ ಇಡೀ ಓಣಿಗೆ ಪೇಢೆ ಹಂಚಿದ್ರಂತ.

ಕೆಳಗ ಗಂಟಿ ಆತಂದ್ರ ಇವರು ಓಡಬೇಕು. ಡ್ಯೂಟಿ ಇದ್ದಾಗಂತೂ ಸರಿ, ಸುಟ್ಟಿ ದಿನಾನೂ ದೊಡ್ಡ ಬೆಂಕಿ ಇತ್ತಂದ್ರ ಮ್ಯಾಲಿನ ಮನಿಯವರನ್ನ ಕರದ ಕರೀತಾರ. ಹಿಂಗಾಗಿ ನಮ್ಮನ್ಯಾಗ ಯಾವ ಕಾರ್ಯಕ್ರಮನೂ ಇವರು ಇದ್ದು ಕಡೀತನಕ ಆಗಿದ್ದಿಲ್ಲ. ಮಗಳ ನಾಮಕರಣದಾಗ ತೊಟ್ಟಲಾ ತೂಗಲಿಕ್ಕೆ ಶುರು ಮಾಡಿದವರು ಇವರು, ಮುಗಿಸಿದವರು ಬಾಜೂ ಮನಿಯವರು.

ಜೇಜುರಿ ಮೆಟ್ಟಲಾ

ಮದಿವ್ಯಾದ ಮರುವಾರ ಜೋಡಿ ಜೇಜುರಿ ಖಂಡೋಬಾಗ ಹೋಗೂದು ಅತ್ತಿ ಮನಿ ಪದ್ಧತಿ. ಅಲ್ಲೆ ಗಂಡ ಆದಾಂವ ಹೆಂಡತೀನ ಎತ್ತಿಕೊಂಡು ಐದು ಮೆಟ್ಟಲಾನರ ಹತ್ತಬೇಕು. ಬಾಕಿ ವರಗೋಳು ಎರಡೂ ಕೈಯಾಗ ಕೂಸಿನ್ಹಂಗ ಎತ್ತಿಕೊಂಡು, ಹಲ್ಲು ಕಚ್ಚಿ, ಉಬ್ಬಸ ಬಿಟಗೋತ ಹತ್ತಾಕತ್ತಿದ್ರು. ನಾ ಸೆರಗು ಸರಿ ಮಾಡ್ಕೊಂಡು, ನಾಚಿಕೋತ ನಿಂತೆ.

ಇವರು ಬಗ್ಗಿದ್ರು, ನನ್ನ ಹೊಟ್ಟಿಗೆ ಹೆಗಲು ಕೊಟ್ರು, ಒಂದ ಝಟಕಾಕ್ಕ ಎಬ್ಬಿಸಿದ್ರು ನೋಡ್ರಿ! ನನ್ನ ತಲಿ ಇವರ ಬೆನ್ನ ಹಿಂದ ಜೋತು ಬಿದ್ದದ, ಕಾಲು ಮುಂದ. ಸುಟ್ಟ ಮನಿಯೊಳಗಿಂದ ಎಚ್ಚರಿಲ್ಲದವರನ್ನ ಹ್ಯಾಂಗ ಹೊತಗೊಂಡು ಬರ್ತಾರೋ ಹಂಗ! ಟ್ರೇನಿಂಗಿನ್ಯಾಗ ಕಲಿಸಿದ್ದು ಅದೊಂದ ಅಂತ. ಐದು ಮೆಟ್ಟಲಾ ಆತು, ಹತ್ತಾತು, ಇಪ್ಪತ್ತಾತು, ಮನಷ್ಯಾ ನಿಂದ್ರವಲ್ಲ. ಭಂಡಾರದ ಹಳದಿ ಎಲ್ಲಾ ನನ್ನ ಮೂಗಿನ್ಯಾಗ. ಮ್ಯಾಲಿಂದ ಇಳಿಯೂ ಮಂದಿ "ಬಾಜೂ ವ್ಹಾ, ಬಾಜೂ ವ್ಹಾ" ಅಂತ ದಾರಿ ಬಿಡಾಕತ್ರು. ಒಬ್ಬ ಮುದಕಿ ಪಾಪ, ನನಗ ಚಕ್ಕರ ಬಂದದಂತ ತಿಳದು ಉಳ್ಳಾಗಡ್ಡಿ ಒಡದು ಮೂಗಿಗೆ ಹಿಡದ್ಲು.

"ಇಳಸ್ರೀ, ಎಲ್ಲಾರೂ ನೋಡಾಕತ್ತಾರ!" ಅಂತ ನಾ ಬೆನ್ನಿಗೆ ಗುದ್ದಿದೆ. ಇವರಿಗೆ ರೂಢಿ ಬಿದ್ದದಲ್ಲ, ಡ್ಯೂಟಿ ಮ್ಯಾಲ ದಿನಾ ಹೇಳೂ ಮಾತು ಹಂಗ ಮರಾಠ್ಯಾಗ ಬಂದುಬಿಡ್ತು: "ಗಾಬರಿ ಆಗಬ್ಯಾಡ್ರಿ ಅಕ್ಕಾ, ಇನ್ನ ಎರಡ ನಿಮಿಷದಾಗ ಹೊರಗ ಒಯ್ತೀನಿ."

ಹಿಂದ ಬರೂ ಅತ್ತಿ ಹಣಿ ಹಣಿ ಬಡ್ಕೊಂಡ್ರು. "ಏ ಹುಚ್ಚಪ್ಯಾಲಿ! ವಾರದ ಹಿಂದ ತಾಳಿ ಕಟ್ಟಿ, ಇವತ್ತ ದೇವ್ರ ಮುಂದ ಅಕ್ಕಾ ಅಂತೀಯಲ್ಲೋ!"

ಕೇಕ್ ತಿಂದವರು ಯಾರು

ಮಗಳಿಗೆ ಐದು ತುಂಬಿದ ದಿನ ಇವರಿಗೆ ಸುಟ್ಟಿ ಇತ್ತು. ಠಾಣೆದ ಹುಡುಗರು ಹುಡುಗ್ಯಾರು ಎಲ್ಲಾ ಬಂದು ಖೋಲಿ ತುಂಬಿತ್ತು. ಮೇಣಬತ್ತಿ ಹಚ್ಚೂಕಿಂತ ಮೊದಲ ಇವರು ಬಕೆಟ್ ನೀರು ತಂದಿಟ್ರು, ಒದ್ದಿ ಟಾವೆಲ್ ಹೆಗಲ ಮ್ಯಾಲ ಹಾಕ್ಕೊಂಡ್ರು. ಆಮ್ಯಾಲ ಭಾಷಣ. "ಹೊರಗ ಹೋಗೂ ದಾರಿ ಇದೊಂದ ಅದ. ಏನರ ಆತಂದ್ರ ಧಕ್ಕಾಬುಕ್ಕಿ ಮಾಡಬ್ಯಾಡ್ರಿ, ಸಣ್ಣವರು ಮೊದಲ."

ಏನರ ಆಗೂದೇನು, ಐದು ಮೇಣಬತ್ತಿ!

ಮಗಳು ಗಲ್ಲಾ ಉಬ್ಬಿಸಿ ಗಾಳಿ ತುಂಬಿಕೊಂಡು ಬಗ್ಗಿದ್ಲು. ಕೆಳಗ ಗಂಟಿ ಆತು. ಇವರು ಹೆಗಲ ಮ್ಯಾಲಿನ ಒದ್ದಿ ಟಾವೆಲ್ ತಗದು ಕೇಕಿನ ಮ್ಯಾಲ ಝಪ್ ಅಂತ ಒಗದ್ರು, ಐದೂ ಮೇಣಬತ್ತಿ ಒಂದ ಸಲಕ್ಕ ಆರಿದ್ವು, ಮನಷ್ಯಾ ಮೆಟ್ಟಲಾ ಇಳದು ಮಾಯ. ಉರಿಯೂ ಬೆಂಕಿ ಬಿಟ್ಟು ಹೋಗೂದು ಅವರ ಜೀವಕ್ಕ ಒಗ್ಗೂದಿಲ್ಲ. ಕೂಸು ಗಲ್ಲಾ ಉಬ್ಬಿಸಿದಾಕಿ ಹಂಗ ನಿಂತಾಳ. ಆ ಗಾಳಿ ಎಲ್ಲೆ ಬಿಡಬೇಕಂತ ಆಕಿಗೆ ತಿಳೀವಲ್ದು. ಕಡೀಕ ಅಳೂದರಾಗ ಬಿಟ್ಲು.

ಮೂರು ತಾಸಿನ ಮ್ಯಾಲ ಮಾರಿ ಎಲ್ಲಾ ಮಸಿ ಮಾಡ್ಕೊಂಡು ಬಂದು, "ಕೇಕ್ ಹ್ಯಾಂಗಿತ್ತು?" ಅಂತ ಕೇಳಿದ್ರು.

"ಟಾವೆಲ್ಲಿಗೆ ಕೇಳು," ಅಂದ್ರು ಅತ್ತಿ. "ಪೂರ್ತಿ ಅದ ತಿಂದದ."

ಅತ್ತಿ ಕೊಟ್ಟ ಮಾತು

ಅತ್ತಿಗೆ ಮೊಮ್ಮಗಳಂದ್ರ ಜೀವ. ಸ್ವಲ್ಪ ಸೀನಿದ್ಲಂದ್ರ ಸಾಕು, ಸೊಂಟದ ಚಂಚಿಯೊಳಗಿಂದ ಏಳು ಒಣಮೆಣಸಿನಕಾಯಿ ತಗದು, ಉಪ್ಪು ಕೂಡಿಸಿ, ನಿವಾಳಿಸಿ, ಕಾದ ತವಾದ ಮ್ಯಾಲ ಹಾಕೇ ಹಾಕ್ತಾರ. ಅವರ ಲೆಕ್ಕ ಏನಂದ್ರ, ಘಾಟು ಬಂದು ಕೆಮ್ಮು ಹತ್ತಿತಂದ್ರ ದೃಷ್ಟಿ ಆಗಿಲ್ಲ. ಘಾಟ ಬರಲಿಲ್ಲಂದ್ರ ಭಾಳ ದೃಷ್ಟಿ ಆಗ್ಯದ.

ಒಂದಿನ ಕಿಡಕಿ ಹಾಕಿತ್ತು, ಬಾಗಿಲಾ ತಗದಿತ್ತು. ಘಾಟು ಮೆಟ್ಟಲಾ ಇಳದು ಸೀದಾ ಠಾಣೆದೊಳಗ ಹೋತು. ಎರಡ ನಿಮಿಷದಾಗ ಬೂಟು ಧಡಧಡಾ ಅನಿಸಿಕೋತ ನಾಲ್ಕು ಮಂದಿ ನಮ್ಮ ಅಡಿಗಿಮನ್ಯಾಗ! ಮುಂದ ಠಾಣೆದ ಸಾಹೇಬ್ರು, ಹಿಂದ ಬೆಂಕಿ ಆರಿಸೂ ಸಿಲಿಂಡರ್ ಹಿಡಕೊಂಡು ನಮ್ಮನಿಯವರು. ನಾಲ್ಕೂ ಮಂದಿ ಕೆಮ್ಮಿ ಕೆಮ್ಮಿ ಕಣ್ಣಾಗ ನೀರು.

ಅತ್ತಿಗೆ ಖುಷಿನ ಖುಷಿ. "ಎಲ್ಲಾರಿಗೂ ಕೆಮ್ಮು ಬಂತಿಲ್ಲೋ? ಛಲೋ ಆತು ಬಿಡ್ರಪಾ, ಕೂಸಿಗೇನೂ ಆಗಿಲ್ಲ!"

ಸಾಹೇಬ್ರು ಮರಾಠಿ ಮಂದಿ, ಕನ್ನಡ ಬರೂದಿಲ್ಲ. ಏನಂತಾರ ಅಂತ ಇವರನ್ನ ಕೇಳಿದ್ರು. ಇವರು ತಲಿ ತಗ್ಗಿಸಿ, "ಧನ್ಯವಾದ ಹೇಳಾಕತ್ತಾರ ಸರ್" ಅಂದ್ರು. ಅವತ್ತ ಸಂಜಿಗೆ ಅವ್ವನ ಮುಂದ ಕೂತು ಮಾತು ತಗೊಂಡ್ರು: ಈ ಬಿಲ್ಡಿಂಗಿನ್ಯಾಗ ಇನ್ನಮ್ಯಾಲ ಮೆಣಸಿನಕಾಯಿ ಸುಡಂಗಿಲ್ಲ. ಅತ್ತಿ ಕೂಡ್ಲೆ, "ಆತಪಾ, ಈ ಬಿಲ್ಡಿಂಗಿನ್ಯಾಗ ಸುಡೂದಿಲ್ಲ" ಅಂದ್ರು. ಇಷ್ಟ ಲಗೂ ಒಪ್ಪಿದ್ರಲ್ಲಾ ಅಂತ ನಾವು ಖುಷಿಪಟ್ಟೆವು. ಬಿಲ್ಡಿಂಗ್ ಅನ್ನೂದನ್ನ ಅತ್ತಿ ಒತ್ತಿ ಹೇಳಿದ್ದು ನಮಗ ಯಾರಿಗೂ ಲಕ್ಷ್ಯಕ್ಕ ಬರಲಿಲ್ಲ.

ಮೂರು ಸಾಲಿನ ನಿಬಂಧ

ಈ ವರ್ಷ ಸಾಲ್ಯಾಗ ಮಗಳಿಗೆ 'ನನ್ನ ಪಪ್ಪಾ' ಅಂತ ಬರೀಲಿಕ್ಕೆ ಕೊಟ್ಟಿದ್ರು. ಬರದದ್ದು ಮೂರ ಸಾಲು. "ನನ್ನ ಪಪ್ಪಾ ಭಾಳ ಶೂರ. ಯಾರ ಮನಿಗೆ ಬೆಂಕಿ ಹತ್ತತದೋ ಅವರ ಮನಿಗೆ ಲಗೂ ಹೋಗ್ತಾರ. ನಮ್ಮ ಮನಿಗೆ ಬೆಂಕಿ ಹತ್ತಿಲ್ಲ, ಅದಕ್ಕ ನಮ್ಮ ಮನ್ಯಾಗ ಇರೂದಿಲ್ಲ."

ಟೀಚರ್ ನಕ್ಕು ನಕ್ಕು ಸ್ಟಾರ್ ಕೊಟ್ಟಿದ್ರು. ನಾನೂ ನಕ್ಕೆ. ಇವರು ಓದಿದ್ರು, ಮತ್ತ ಓದಿದ್ರು, ನಗಲಿಲ್ಲ. ಎದ್ದು ಹೋಗಿ ಗ್ಯಾಲರಿಯೊಳಗ ಒಣಗಿದ ಅರಿವಿ ಮಡಚಲಿಕ್ಕೆ ಹತ್ತಿದ್ರು. ಹನ್ನೊಂದು ವರ್ಷದಾಗ ಅರಿವಿ ಮಡಚಿದ್ದು ಅದ ಮೊದಲು.

ಒಳಗ ಬಂದು ಮಗಳ ಮುಂದ ಕೂತು, "ಸಾಲಿ ಗ್ಯಾದರಿಂಗಿನ್ಯಾಗ ನಿಂದು ಮೀನಗಾರರ ಕೋಳಿ ಡಾನ್ಸ್ ಅದ ಅಲ್ಲ? ಬರ್ತೀನಿ. ಶುರುವಿಂದ ಕಡೀತನಕ ಕೂಡ್ತೀನಿ. ಖಂಡೋಬಾನ ಆಣಿ," ಅಂದ್ರು.

ಮಗಳು ಅಪ್ಪನ್ನ ಮ್ಯಾಲಿಂದ ಕೆಳಗ ನೋಡಿದ್ಲು. "ಆಣಿ ಬ್ಯಾಡ ಪಪ್ಪಾ. ರಜಾ ಅರ್ಜಿ ಬರೀರಿ."

ಖಾಲಿ ಕುರ್ಚಿ

ಅರ್ಜಿ ಬರದ್ರು. ಸಾಹೇಬ್ರು ಸಹಿನೂ ಮಾಡಿದ್ರು. ಒಂದು ತಿಂಗಳು ಮನ್ಯಾಗ ಬರೇ ಮೀನಗಾರ ಹೆಣ್ಣಿನ ಕುಣಿತ. ಪಾತ್ರಿ ತೊಳೀವಾಗ ನನ್ನ ಸೊಂಟಾನೂ ತಾನ ಕುಣೀತಿತ್ತು.

ಗ್ಯಾದರಿಂಗ್ ದಿನ ಮುಂಜಾನೆ ಠಾಣೆದಾಗ ಇಬ್ಬರಿಗೆ ಜ್ವರ ಬಂತು, ಇವರ ರಜಾ ರದ್ದಾತು. ಹಸರು ಸೀರಿ ಉಟ್ಟು, ಗಜರಾ ಮುಡಕೊಂಡು, ಕಾಗದದ ಮೀನಿನ ಬುಟ್ಟಿ ಹಿಡಕೊಂಡು ನಿಂತ ಮಗಳ ಮುಂದ ಹ್ಯಾಂಗ ಹೇಳಬೇಕು? ಇವರು ಬಗ್ಗಿ ಬೂಟಿನ ದಾರ ಕಟಗೋತ ಕೂತ್ರು. ನಾ ಹೇಳಿದೆ. ಮಗಳು ಅತ್ತುಬಿಟ್ಟಿದ್ರ ಛಲೋ ಇತ್ತು. ಅಳಲಿಲ್ಲ. "ಪಪ್ಪಾನ ಕುರ್ಚಿ ಮ್ಯಾಲ ಯಾರನ್ನೂ ಕೂಡಸಬ್ಯಾಡ ಮಮ್ಮಿ," ಅಂತ ಇಷ್ಟ ಅಂದ್ಲು.

ಸಾಲಿ ಹಾಲಿನ್ಯಾಗ ಎರಡನೇ ಸಾಲಿಗೆ ಕೂತೆವು. ಬಾಜೂ ಕುರ್ಚಿ ಮ್ಯಾಲ ನನ್ನ ಪರ್ಸ್ ಇಟ್ಟೆ. ಮುಖ್ಯ ಅತಿಥಿಗಳು ಶಿಸ್ತಿನ ಬಗ್ಗೆ ಮಾತಾಡಲಿಕ್ಕೆ ಎದ್ದವರು ಮುಗಿಸವಲ್ರು. ನಡಕ ಒಂದು ಸಣ್ಣ ಕೆಮ್ಮು ಬಂತು ಅವರಿಗೆ. ಆಮ್ಯಾಲ ದೊಡ್ಡ ಕೆಮ್ಮು. ಮೊದಲನೇ ಸಾಲು ಕೆಮ್ಮಿತು, ಎರಡನೇ ಸಾಲು ಕೆಮ್ಮಿತು. ಸ್ಟೇಜಿನ ಪಡದೆ ಹಿಂದಿಂದ ಬೆಳ್ಳನ ಹೊಗಿ ಬರಾಕತ್ತದ! "ಆಗ! ಆಗ!" ಅಂತ ಯಾರೋ ಚೀರಿದ್ರು. ಮರಾಠ್ಯಾಗ ಬೆಂಕಿ ಬೆಂಕಿ ಅಂತ. ಮುಖ್ಯಾಧ್ಯಾಪಕಿ ಫೋನು ಕಿವಿಗೆ ಹಚ್ಚಿ ಹೊರಗ ಓಡಿದ್ರು.

ನನಗ ಆ ಘಾಟು ಗುರ್ತ ಹತ್ತಿತು. ಅತ್ತಿ ಕುರ್ಚಿ ನೋಡಿದೆ. ಖಾಲಿ.

ಸ್ಟೇಜಿನ ಹಿಂದ ಓಡಿದೆ. ಅಲ್ಲೆ ಅತಿಥಿಗಳಿಗಂತ ಚಹಾ ಮಾಡಾಂವ ಗ್ಯಾಸ್ ಇಟ್ಕೊಂಡಿದ್ದ. ಅವನ ಶೇಗಡಿ ಮ್ಯಾಲ, ಅವನದ ತವಾದಾಗ, ಅತ್ತಿ ಹಿಡಿ ಹಿಡಿ ಮೆಣಸಿನಕಾಯಿ ಹಾಕಾಕತ್ತಾರ!

"ಅತ್ತೀ! ಏನಿದು? ಇಷ್ಟು?"

"ಹನ್ನೆರಡು ಹುಡುಗ್ಯಾರು ಕುಣ್ಯಾವರು," ಅಂದ್ರು ಅತ್ತಿ, ಸೆರಗಿಲೆ ಮೂಗು ಒರಸಿಕೋತ. "ನಮ್ಮದೊಂದಕ್ಕ ದೃಷ್ಟಿ ತಗದು ಬಾಕಿಯವರನ್ನ ಬಿಡಲಿಕ್ಕೆ ಬರ್ತದೇನ? ತಲಿಗೆ ಏಳು."

ಹನ್ನೆರಡೇಳ್ಲೆ ಎಂಬತ್ನಾಲ್ಕು! ನಾ ಗ್ಯಾಸ್ ಆಫ್ ಮಾಡೂದರಾಗ ಸೈರನ್ ಕೇಳಿಸ್ತು. ಸಾಲಿ ಇರೂದು ನಮ್ಮ ಠಾಣೆದ ಹದ್ದಿನ್ಯಾಗ, ಅಂದ್ರ ಬರೂ ಗಾಡಿ ನಮ್ಮದ. ಭೂಮಿ ಬಾಯಿ ತಗೀಬಾರದಾ ಅನಿಸಿತು. ಟೀಚರ್‌ಗೋಳು ಹುಡುಗರನ್ನ ಮೈದಾನಕ್ಕ ಒಯ್ದಿದ್ರು. ಬೂಟಿನ ಸಪ್ಪಳ, ಹೆಲ್ಮೆಟ್ಟು, ಎಲ್ಲಾರಕಿಂತ ಮುಂದ ನಮ್ಮನಿಯವರು. ಪಡದೆ ಸರಿಸಿದ್ರು. ಎದುರಿಗೆ ತವಾ ಹಿಡಕೊಂಡ ತಾಯಿ.

"ಅವ್ವಾ! ಮಾತು ಕೊಟ್ಟಿದ್ದಿಯಲ್ಲ?"

"ಆ ಬಿಲ್ಡಿಂಗ್ ಬ್ಯಾರೆ, ಈ ಬಿಲ್ಡಿಂಗ್ ಬ್ಯಾರೆ," ಅಂದ್ರು ಅತ್ತಿ. "ಮತ್ತ ಮುನ್ನೂರು ಮಂದಿ ಕೆಮ್ಮಾಕತ್ತಾರ ನೋಡು, ಯಾವ ಕೂಸಿಗೂ ದೃಷ್ಟಿ ಆಗಿಲ್ಲ!"

ಸಾಹೇಬ್ರ ಮಾರಿ ಆ ಮೆಣಸಿನಕಾಯಿಕಿಂತ ಕೆಂಪಾಗಿತ್ತು. ಬೈಯೂದು ಬೈದ್ರು. ನನಗ ತಲಿ ಎತ್ತಲಿಕ್ಕೆ ಆಗಲಿಲ್ಲ. ಕಿಡಕಿ ತಗಸಿದ್ರು, ಮೂಲಿ ಮೂಲಿ ಹುಡುಕಿದ್ರು, ಆಮ್ಯಾಲ ಹುಡುಗರು ಒಳಗ ಬಂದ್ರು. ಕಾರ್ಯಕ್ರಮ ಮುಂದ ನಡಸಬಹುದೇನ್ರಿ ಅಂತ ಮುಖ್ಯಾಧ್ಯಾಪಕಿ ಅಂಜಿಕೋತ ಕೇಳಿದ್ರು. ಸಾಹೇಬ್ರು ಇತ್ತ ತಿರುಗಿದ್ರು. ಕಾಗದದ ಮೀನು ಹೊತಗೊಂಡ ಒಬ್ಬಾಕಿ ಹುಡುಗಿ ಅಪ್ಪನ್ನ ನೋಡವಲ್ಲಳು, ಖಾಲಿ ಕುರ್ಚಿ ನೋಡಾಕತ್ತಾಳ. ಆ ರಜಾ ಅರ್ಜಿ ತಾವ ರದ್ದು ಮಾಡಿದ್ದು ನೆನಪಾತೋ ಏನೋ.

"ನಡಸ್ರಿ," ಅಂದ್ರು. "ಹೊಗಿ ಪೂರ್ತಿ ಹೋಗೂತನಕ ನಮ್ಮಾಂವ ಒಬ್ಬ ಒಳಗ ಇರಬೇಕು, ನಿಯಮ ಅದ." ಇವರ ಕಡೆ ಬೊಟ್ಟು ಮಾಡಿ, "ನೀ ಇರು. ಎರಡನೇ ಸಾಲಿನಿಂದ ಛಲೋ ಕಾಣಸ್ತದ."

ನಾ ಪರ್ಸ್ ತಗದೆ. ಇವರು ಹೆಲ್ಮೆಟ್ ತೊಡಿ ಮ್ಯಾಲ ಇಟ್ಕೊಂಡು, ಬೂಟು ಸಮೇತ ಆ ಕುರ್ಚಿ ಮ್ಯಾಲ ಕೂತ್ರು.

ಕುಣಿತ ಶುರು ಆತು. ನಡಕ, ಹಿಂದ ನಿಂತಿದ್ದ ಸಾಹೇಬ್ರ ಕೈಯಾಗಿನ ವೈರಲೆಸ್ ಖರಖರ ಅಂತು. ಮಗಳ ಕಾಲು ನಿಂತ ಬಿಟ್ವು. ಇವರು ಅರ್ಧ ಎದ್ದ್ರು. ಗಾಡಿ ಯಾವಾಗ ಹೊಳ್ಳಿ ಬರ್ತದಂತ ಕೇಳಾಕತ್ತಿದ್ರು ಆ ಕಡಿಂದ. ಸಾಹೇಬ್ರು ಇವರ ಹೆಗಲ ಮ್ಯಾಲ ಕೈ ಇಟ್ಟು ಕೂಡಿಸಿ ವೈರಲೆಸ್ಸಿನ್ಯಾಗ ಹೇಳಿದ್ರು: "ತಪಾಸಣೆ ಮುಗದಿಲ್ಲ. ಇನ್ನ ಮೂರು ನಿಮಿಷ."

ಮಗಳು ಮತ್ತ ಕುಣಿದ್ಲು. ಬಾಕಿ ಹನ್ನೊಂದು ಮಂದಿ ಎಡಕ್ಕ ಹೋದ್ರ ಈಕಿ ಬಲಕ್ಕ. ಕಣ್ಣು ಅಪ್ಪನ ಮ್ಯಾಲ ಇದ್ದಾವ, ಹೆಜ್ಜಿ ಹ್ಯಾಂಗ ಕೂಡಬೇಕು? ಆದ್ರ ಕಡೀತನಕ ಕುಣಿದ್ಲು, ಇವರು ಕಡೀತನಕ ನೋಡಿದ್ರು. ಎದ್ದು ನಿಂತು ಚಪ್ಪಾಳಿ ಹೊಡದ್ರ ಕೈಗವಸಿನ್ಯಾಗ ಸಪ್ಪಳ ಬರವಲ್ದು. ಕಿತ್ತು ಒಗದು ಹೊಡದ್ರು. ಕಣ್ಣಾಗಿನ ನೀರಿಗೆ ಘಾಟು ಅಂತ ನಾ ನೆವ ಹೇಳಿದೆ, ಯಾರೂ ನಂಬಲಿಲ್ಲ.

ಹೋಗುಮುಂದ ಸಾಹೇಬ್ರು ಅತ್ತಿ ಮುಂದ ಬಂದು ಕೈ ಮುಗದ್ರು. "ಕಾಕೂ, ಮುಂದಿನ ವರ್ಷ ಇವನ ರಜಾ ನಾನ ಮನಿಗೆ ತಂದು ಕೊಡ್ತೀನಿ. ಮೆಣಸಿನಕಾಯಿ ಮಾತ್ರ ಬ್ಯಾಡ." ಇವರು ಅದನ್ನ ಅತ್ತಿಗೆ ಕನ್ನಡದಾಗ ಹೇಳಿದ್ರು. ಅತ್ತಿ ತಲಿ ಆಡಿಸಿದ್ರು.

ಗಾಡಿ ಹೋತು. ಮಗಳು ಅಜ್ಜಿ ಸೆರಗು ಜಗ್ಗಿ, "ಅಜ್ಜಿ, ಮುಂದಿನ ವರ್ಷ ಮತ್ತ ಯಾರಿಗರ ಜ್ವರ ಬಂದ್ರ?" ಅಂತ ಕೇಳಿದ್ಲು.

ಅತ್ತಿ ನನ್ನ ಕಡೆ ಒಮ್ಮೆ ನೋಡಿ, ಸೊಂಟದ ಚಂಚಿ ಮೆಲ್ಲಕ ತಟ್ಟಿದ್ರು. "ಇನ್ನೂ ಒಂದು ಹಿಡಿ ಉಳದಾವ."