ನಿಂತವರನ್ನು ಕಂಡರಾಗದ ಮಾಮಾ

ನಮ್ಮ ಮಾಮಾನಿಗೆ ನಿಂತವರನ್ನು ಕಂಡರೆ ಆಗುತ್ತಿರಲಿಲ್ಲ. ಕಳ್ಳನನ್ನಾದರೂ ಕ್ಷಮಿಸಿಯಾನು, ಬಸ್ ಸ್ಟ್ಯಾಂಡಿನಲ್ಲಿ ಕಂಬಕ್ಕೊರಗಿ ನಿಂತವನನ್ನು ಮಾತ್ರ ಕ್ಷಮಿಸುತ್ತಿರಲಿಲ್ಲ. ಎಷ್ಟೆಂದರೂ ಕಳ್ಳ ಕೊನೆಗೆ ಓಡುತ್ತಾನಲ್ಲ! ಇಂಥ ಮಾಮಾನ ಮೇಲೆ ಸಿಟ್ಟು ಬರದಿರುತ್ತದೆಯೇ? ಎಪ್ಪತ್ತರ ದಶಕದಲ್ಲಿ ಬಂದ ನನ್ನ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಅವ್ವನ ಒಬ್ಬನೇ ತಮ್ಮ ಈತ. ಸಿಂದಗಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಮಕ್ಕಳು ಹೂಜಿ, ಮಾವಿನಹಣ್ಣು ಬರೆಯಬೇಕಾದ ಹೊತ್ತಿನಲ್ಲಿ, ಹೂಜಿ ಕೂತಲ್ಲೇ ಕೂತಿರುತ್ತದೆ ಎಂದು ಬೈದು, ಕ್ಲಾಸಿನೊಳಕ್ಕೆ ಒಂದು ಜೀವಂತ ಕೋಳಿಯನ್ನು ಬಿಟ್ಟ. ಅದು ನಾಲ್ಕು ಸುತ್ತು ಓಡಿ, ವರಾಂಡ ದಾಟಿ, ಹೆಡ್ ಮಾಸ್ತರರ ಕುರ್ಚಿಯ ಕೆಳಗೆ ಹೊಕ್ಕು ಕಾವಿಗೆ ಕೂತಂತೆ ಕೂತುಬಿಟ್ಟಿತು. ಹೆಡ್ ಮಾಸ್ತರರು ಮಾಮಾನ ಮೇಲೆ ಸಿಟ್ಟಾದರು. ಮಾಮಾ ಕೋಳಿಯ ಮೇಲೆ ಸಿಟ್ಟಾದ!

ನಾನಾಗ ಇಂಡಿಯಲ್ಲಿ ಗುಮಾಸ್ತ. ರವಿವಾರ ಬಂತೆಂದರೆ ಮಾಮಾ ಮಸಿ ಕುಪ್ಪಿ ಹಿಡಿದು ಹಾಜರು. ಅವನ ಕುಂಚವೂ ಅವನಂಥದ್ದೇ. ಯಂಕಂಚಿಯ ಕುರಿಗಾರರಿಂದ ಆಡಿನ ಕೂದಲು ಬೇಡಿ ತಂದು ತಾನೇ ಕಟ್ಟಿಕೊಂಡದ್ದು. ನನ್ನ ಹೆಗಲಿಗೆ ಜೋಳದ ಚೀಲ ಹೊರಿಸಿ, ಸುಡುಬಿಸಿಲಲ್ಲಿ ರಸ್ತೆಯ ಈ ತುದಿಯಿಂದ ಆ ತುದಿಗೆ ಹದಿನೇಳು ಸಲ ನಡೆಸಿದ. ಆಮೇಲೆ ಕಾಗದದ ಮೇಲೆ ಒಂದೇ ಒಂದು ಕರಿ ಗೀರು ಎಳೆದು, ಇದು ನೀನು ಎಂದ. ಆ ಗೀರಿಗೆ ಮೂಗಿರಲಿಲ್ಲ, ಕಣ್ಣಿರಲಿಲ್ಲ. ಆ ಬೀದಿಯಲ್ಲಿ ನನಗೆ ಉಳಿದಿದ್ದ ಮರ್ಯಾದೆಯೂ ಇರಲಿಲ್ಲ.

ಮುದ್ದೇಬಿಹಾಳದ ಸಂತೆಯಲ್ಲಿ ಆದದ್ದು ಇನ್ನೊಂದು. ಕುಂಟುತ್ತ ಹೊರಟಿದ್ದ ಒಬ್ಬ ಗೃಹಸ್ಥರ ಹಿಂದೆ ಮಾಮಾ ಅರ್ಧ ತಾಸು ತಿರುಗಿದ. ಕೊನೆಗೆ ಅವರು ತಿರುಗಿ ನಿಂತು, ನನ್ನ ಕುಂಟು ನೋಡಿ ನಗಾಕ ಬಂದೀಯೇನು ಎಂದು ಕೋಲೆತ್ತಿದರು. ನಾನು ಕೈ ಮುಗಿಯುವಷ್ಟರಲ್ಲಿ ಮಾಮಾ ಅವರಿಗಿಂತ ಜೋರಾಗಿ ಹರಿಹಾಯ್ದ. "ಅಡ್ಡ ಯಾಕ ನಿಂತ್ರಿ? ಎಷ್ಟ ಚಂದ ತಾಳ ಕೂಡಿತ್ತು, ಕೆಡಿಸಿಬಿಟ್ರಿ!" ಅವರು ಕಕ್ಕಾಬಿಕ್ಕಿಯಾಗಿ ಕೋಲಿಳಿಸಿ ಮುಂದೆ ನಡೆದರು. ಮಾಮಾ ಮತ್ತೆ ಹಿಂದೆ!

ಇಂಥವನಿಗೂ ಒಬ್ಬ ಗೆಳೆಯರು ಸಿಕ್ಕಿದ್ದರು. ಆಲಮಟ್ಟಿಯ ಅಣೆಕಟ್ಟಿನ ಕೆಲಸದಲ್ಲಿ ನಕ್ಷೆ ಬರೆಯುವವರು, ಬಹಳ ಮೆದು ಮಾತಿನ ಮನುಷ್ಯ. ನಾವೆಲ್ಲ ಅವರನ್ನು ನಕ್ಷೆಯವರು ಎಂದೇ ಕರೆಯುತ್ತಿದ್ದೆವು. ಹಗಲೆಲ್ಲ ಸ್ಕೇಲು ಹಿಡಿದು ನೇರ ಗೆರೆ ಎಳೆದು ಬೇಸತ್ತು, ಮನೆಗೆ ಬಂದು ಬಣ್ಣದಲ್ಲಿ ಧುಮ್ಮಿಕ್ಕುವ ನೀರು, ತಿರುಗುವ ಟಾಂಗಾದ ಗಾಲಿ, ಬುಟ್ಟಿ ಹೊತ್ತು ಸಾಲಾಗಿ ಏರುವ ಕೂಲಿ ಹೆಂಗಸರನ್ನು ಬರೆಯುತ್ತಿದ್ದರು. ಇಬ್ಬರೂ ಕೂಡಿ ಬಸವನ ಬಾಗೇವಾಡಿಯಲ್ಲಿ, ಬೇಸಿಗೆ ಸೂಟಿಗೆ ಖಾಲಿ ಬಿದ್ದಿದ್ದ ಶಾಲೆಯ ಹಾಲಿನಲ್ಲಿ, ‘ನಡಿಗೆ’ ಎಂಬ ಚಿತ್ರ ಪ್ರದರ್ಶನ ಇಟ್ಟರು. ಎಡಗೋಡೆಗೆ ಅವರ ಬಣ್ಣ, ಬಲಗೋಡೆಗೆ ಮಾಮಾನ ಮಸಿ. ಬಾಗಿಲ ಬಳಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ ನನಗೆ.

ಬಂದವರು ಬಣ್ಣದ ಕಡೆ ತಲೆದೂಗಿ, ಮಸಿಯ ಕಡೆ ಬಂದು, ಇದಕ್ಕ ತಲಿ ಎಲ್ಲೈತ್ರಿ ಎಂದು ಕೇಳುತ್ತಿದ್ದರು. ತಲೆ ಇದ್ದವರಿಗೆ ಕಾಣುತ್ತದೆ ಎಂದು ಮಾಮಾ ಉತ್ತರಿಸುತ್ತಿದ್ದ. ಎರಡನೆಯ ದಿನ ಮುಂಜಾನೆ ನಕ್ಷೆಯವರ ಮೇಲಧಿಕಾರಿ ಬಂದರು. ಅವರನ್ನು ಕರೆತರಲು ನಕ್ಷೆಯವರು ತಿಂಗಳಿಂದ ಓಡಾಡಿದ್ದರು. ಸಾಹೇಬರು ಒಳ್ಳೆಯವರೇ. ಒಂದು ಮಸಿಯ ಚಿತ್ರದ ಮುಂದೆ ಕೈಕಟ್ಟಿ ನಿಂತು ಮೆಲ್ಲಗೆ ಕೇಳಿದರು.

"ಇದರಾಗ ನಡಿಯೂದು ಯಾವುದ್ರಿ, ಮಾಸ್ತರ?"

"ನೀವು ನಿಂತೀರಿ, ಅದಕ್ಕ ಕಾಣವಲ್ದು," ಎಂದ ಮಾಮಾ. "ನಡೀರಿ!"

ಚಿತ್ರದ ಉದ್ದಕ್ಕೂ ನಡೆಯುತ್ತ ನೋಡಿರಿ ಎಂದು ಅವನ ಅರ್ಥ. ಆದರೆ ಆ ದನಿಯಲ್ಲಿ ‘ನಡೀರಿ’ ಎಂದರೆ ಯಾರಿಗೆ ಏನು ಕೇಳಿಸೀತು? ಸಾಹೇಬರು ಚಪ್ಪಲಿ ಮೆಟ್ಟಿ ನಡೆದೇಬಿಟ್ಟರು. ಅವರು ಜೀಪು ಹತ್ತುವುದನ್ನು ಕಿಟಕಿಯಿಂದ ನೋಡುತ್ತ ಮಾಮಾ, ಹೆಜ್ಜೆ ಚೆನ್ನಾಗಿದೆ ಎಂದ!

ನಕ್ಷೆಯವರು ಕೂಗಾಡಲಿಲ್ಲ. ತಮ್ಮ ಚಿತ್ರಗಳನ್ನು ಒಂದೊಂದಾಗಿ ಇಳಿಸತೊಡಗಿದರು.

"ಮಂದಿ ನಡಿಯೂದು ನಿಮಗ ಕಾಣತೈತಿ, ಮಾಸ್ತರ," ಎಂದರು. "ಮಂದಿ ಕಾಣಂಗಿಲ್ಲ."

ಅವರು ಬಿಟ್ಟದ್ದನ್ನು ನಾನು ಪೂರೈಸಿದೆ. ನೀನು ಇದ್ದ ಒಬ್ಬ ಗೆಳೆಯನನ್ನೂ ಓಡಿಸಿದೆ, ನಿನ್ನ ಗೀರುಗಳನ್ನು ನೀನೇ ನೋಡಿಕೊಂಡು ಕೂಡು ಎಂದು ಬಾಯಿಗೆ ಬಂದಂತೆ ಬೈದೆ. ಮಾಮಾ ತಿರುಗಿ ಬೈಯಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಆ ಹೊತ್ತಿಗೆ ಅಪ್ಪ ಬಂದ. ನಮ್ಮೂರು ಗೊಳಸಂಗಿಯಿಂದ ಎತ್ತಿನ ಮದ್ದಿಗೆಂದು ಬಂದವನು, ನಾನು ರಜೆ ಹಾಕಿ ಇಲ್ಲಿ ಕೂತಿರುವುದು ತಿಳಿದು, ಎಳೆದೊಯ್ಯಲು ಬಂದಿದ್ದ. ಅವನಿಗೂ ಮಾಮಾನಿಗೂ ಆರು ವರ್ಷದಿಂದ ಮಾತಿರಲಿಲ್ಲ. ಅವ್ವ ತೀರಿಕೊಂಡ ದಿನ ಮಾಮಾ ಸಿಂದಗಿಯಿಂದ ಬಂದವನು, ಕಟ್ಟೆಯ ಮೇಲೆ ಅವಳ ಹೆಣವನ್ನು ನಮ್ಮ ಪದ್ಧತಿಯಂತೆ ಕೂಡಿಸಿದ್ದನ್ನು ಅಂಗಳದಿಂದಲೇ ಒಮ್ಮೆ ನೋಡಿ, ಬೆನ್ನು ತಿರುಗಿಸಿ ಹೊಲಗಳ ದಾರಿ ಹಿಡಿದು ಹೋಗಿಬಿಟ್ಟಿದ್ದ. ಒಡಹುಟ್ಟಿದವಳಿಗೆ ಒಂದು ಹಿಡಿ ಮಣ್ಣನ್ನೂ ಹಾಕಲಿಲ್ಲ. ಅಪ್ಪ ಅದನ್ನು ಮರೆಯಲಿಲ್ಲ. ನಾನೂ ಮರೆತಿರಲಿಲ್ಲ.

ಅಪ್ಪ ನನ್ನನ್ನು ಏಳು ಎನ್ನಲು ಬಾಯಿ ತೆರೆದವನು ತೆರೆದಂತೆಯೇ ನಿಂತ. ನನ್ನ ತಲೆಯ ಮೇಲಿನ ಗೋಡೆಯಲ್ಲಿ ಮಾಮಾನ ಒಂದು ಚಿತ್ರವಿತ್ತು. ಐದಾರು ಮಸಿಯ ಎಳೆತ, ಅಷ್ಟೆ. ಬಂದವರಿಗೆ ನಾನೇ ಅದನ್ನು ಕೊಕ್ಕರೆ ಎಂದು ಹೇಳಿ ಸಾಗಹಾಕುತ್ತಿದ್ದೆ. ಅಪ್ಪನ ಕಣ್ಣು ಅದರ ಮೇಲೆಯೇ ಇತ್ತು. ನಾನು ಎದ್ದು ತಿರುಗಿ ನೋಡಿದೆ. ಬಲಹೆಗಲು ತುಸು ಮುಂದು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಒಲೆಯ ಮೇಲೆ ಏನೋ ಇಟ್ಟು ಮರೆತು ಬಂದವಳ ಹಾಗೆ ನೆಲಕ್ಕೆ ಪೂರ್ತಿ ಊರದ ಹಿಮ್ಮಡಿ. ಎರಡು ದಿನ ನಾನು ಅವ್ವನ ಕೆಳಗೆ ಕೂತಿದ್ದೆ. ನನಗೆ ಗುರುತು ಸಿಕ್ಕಿರಲಿಲ್ಲ.

ನಕ್ಷೆಯವರು ಕಟ್ಟುತ್ತಿದ್ದ ಹಗ್ಗ ಅವರ ಕೈಯಲ್ಲೇ ಉಳಿಯಿತು.

ಅಪ್ಪ ಚಿತ್ರದಿಂದ ಕಣ್ಣು ತೆಗೆಯದೆ ಕೇಳಿದ.

"ಎಲ್ಲಿಗೆ ಹೊಂಟಾಳ?"

"ಮನೀಗ್ರಿ," ಎಂದ ಮಾಮಾ. ಅಷ್ಟು ಸಣ್ಣ ದನಿ ಅವನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಹಂಗಾದ್ರ ನೀನೂ ಬಾ."