ನಾಲ್ಕನೇ ಎಲೆಯವನ ದಂಡಯಾತ್ರೆ

ನಾನು ಸಾಧು ಮನುಷ್ಯ ಎಂದು ನಮ್ಮ ಆಫೀಸಿನಲ್ಲಿ ಎಲ್ಲರೂ ಒಪ್ಪುತ್ತಾರೆ. ಬಸ್ಸಿನಲ್ಲಿ ಯಾರಾದರೂ ನನ್ನ ಕಾಲು ತುಳಿದರೆ ಕ್ಷಮೆ ಕೇಳುವವನು ನಾನೇ. ತರಕಾರಿಯವಳು ಕೊಳೆತ ಟೊಮ್ಯಾಟೊ ಹಾಕಿದರೂ, ಪಾಪ, ಅವಳಾದರೂ ಅದನ್ನು ಯಾರಿಗೆ ಕೊಡಬೇಕು ಎಂದುಕೊಂಡು ಮನೆಗೆ ತಂದು ಹೆಂಡತಿಯಿಂದ ಬೈಸಿಕೊಳ್ಳುತ್ತೇನೆ. ಇಂಥ ನಾನು ಹೊಳಲ್ಕೆರೆಯನ್ನು ಗೆದ್ದು, ಹೊಸದುರ್ಗದ ಕೋಟೆಯ ಮೇಲೆ ಬಾವುಟ ಹಾರಿಸಿ, ಹಿರಿಯೂರಿನಿಂದ ಕಪ್ಪಕಾಣಿಕೆ ತರಿಸಿಕೊಂಡವನು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಲೇಬೇಕು. ಫ್ಲಾಪಿಯಲ್ಲಿ ದಾಖಲೆ ಇತ್ತು.

ಇದಕ್ಕೆಲ್ಲ ಮೂಲ ಒಂದು ಬಾಳೆ ಎಲೆ. ಭರಮಸಾಗರದ ನಮ್ಮ ಮಾವನಿಗೆ ನಾಲ್ವರು ಹೆಣ್ಣುಮಕ್ಕಳು, ಆದ್ದರಿಂದ ನಾಲ್ವರು ಅಳಿಯಂದಿರು. ಹಿರಿಯವರು ಹೊಸದುರ್ಗದಲ್ಲಿ ಹೆಡ್‌ಮಾಸ್ಟರು. ಎರಡನೆಯವರದು ಹಿರಿಯೂರಿನಲ್ಲಿ ಗೊಬ್ಬರದ ಅಂಗಡಿ. ಮೂರನೆಯವರು ಹೊಳಲ್ಕೆರೆಯಲ್ಲಿ ವಕೀಲರು. ನಾಲ್ಕನೆಯ ನಾನು ಚಿತ್ರದುರ್ಗದಲ್ಲಿ ಗುಮಾಸ್ತ. ಹಬ್ಬದ ದಿನ ಮಾವನ ಮನೆಯ ಪಂಕ್ತಿಯಲ್ಲಿ ಇದೇ ಕ್ರಮದಲ್ಲಿ ಎಲೆ ಹಾಕುತ್ತಾರೆ. ಮೊದಲ ಎಲೆಗೆ ಹೋಳಿಗೆಯೂ ತುಪ್ಪವೂ ಬಿಸಿಬಿಸಿಯಾಗಿ ಬೀಳುತ್ತವೆ. ನನ್ನ ಎಲೆಯ ಹತ್ತಿರ ಬರುವ ಹೊತ್ತಿಗೆ ತುಪ್ಪದ ಮಿಳ್ಳೆ ಖಾಲಿ. ತರಲು ಹೋದವರು ಒಳಗೆ ಮಾತಿಗೆ ನಿಂತಿರುತ್ತಾರೆ. ಹೀಗೆ ಹನ್ನೊಂದು ವರ್ಷ ಕಾದಿದ್ದೇನೆ. ತುಪ್ಪ ಹಾಳಾಗಿ ಹೋಗಲಿ, ಮರ್ಯಾದೆಯ ಪ್ರಶ್ನೆ ನೋಡಿ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮ ನಾಲ್ಕೂ ಮನೆಗಳಿಗೆ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಬಂದವು. ಮಕ್ಕಳ ಓದಿಗೆಂದು ತಂದದ್ದು. ಮಕ್ಕಳನ್ನು ಅದರ ಹತ್ತಿರ ನಾವು ಬಿಟ್ಟರೆ ತಾನೆ! ವಕೀಲರು ಎಲ್ಲಿಂದಲೋ ಒಂದು ಯುದ್ಧದ ಆಟ ತಂದರು. ಚದುರಂಗದ ಹಾಗೆ ಸರದಿಯ ಆಟ. ನಿಮ್ಮ ಸರದಿಯಲ್ಲಿ ಊರು ಕಟ್ಟಬೇಕು, ಕಣಜ ತುಂಬಿಸಬೇಕು, ಸೈನ್ಯ ನಡೆಸಬೇಕು, ಆಮೇಲೆ ಮುಂದಿನವರಿಗೆ ಬಿಟ್ಟುಕೊಡಬೇಕು. ಇಂಟರ್‌ನೆಟ್ ಇನ್ನೂ ಮನೆಗಳಿಗೆ ಬಂದಿರಲಿಲ್ಲ. ಹಾಗಾಗಿ ಆಟವನ್ನು ಫ್ಲಾಪಿಗೆ ತುಂಬಿಸಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೆವು: ದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ಹೊಸದುರ್ಗ, ಅಲ್ಲಿಂದ ಹಿರಿಯೂರು, ಮತ್ತೆ ದುರ್ಗ. ಒಂದು ಸುತ್ತಿಗೆ ನಾಲ್ಕು ದಿನ. ಒಮ್ಮೆ ಒಬ್ಬ ಕಂಡಕ್ಟರು ಜೋಪಾನವಾಗಿರಲಿ ಎಂದು ಅದನ್ನು ಟೇಪಿನ ಸ್ಪೀಕರ್ ಮೇಲಿಟ್ಟಿದ್ದರಿಂದ ಅದರ ಅಯಸ್ಕಾಂತಕ್ಕೆ ಸಿಕ್ಕಿ ನಾಲ್ಕೂ ರಾಜ್ಯಗಳು ಅಳಿಸಿಹೋದವು. ಪುಣ್ಯಕ್ಕೆ ಕಳಿಸಿದವರ ಕಂಪ್ಯೂಟರಿನಲ್ಲಿ ಪ್ರತಿ ಇತ್ತು.

ದೀಪಾವಳಿಗೆ ಭರಮಸಾಗರದಲ್ಲಿ ಸೇರಿದಾಗಲೂ ನಮ್ಮದು ಅದೇ ಮಾತು. ಮಾವ ಕೇಳಿ ಕೇಳಿ ಸಾಕಾಗಿ, "ಏನ್ರಪ್ಪಾ, ಬರೀ ಯುದ್ಧದ್ದೇ ಮಾತಾತಲ್ಲ ನಿಮ್ದು! ಆತು, ಯುಗಾದಿಗೆ ಯಾರು ಗೆದ್ದು ಬರ್ತೀರೋ ಅವ್ರಿಗೇ ಮೊದಲ್ನೇ ಎಲೆ" ಎಂದುಬಿಟ್ಟರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಮೊದಮೊದಲು ನನ್ನ ಆಡಳಿತ ನೆಟ್ಟಗಿರಲಿಲ್ಲ. ಆಟದಲ್ಲಿ ನಾವು ನಾಲ್ವರೂ ಕಟ್ಟಿದ ಊರುಗಳಿಗೆಲ್ಲ ನಮ್ಮ ಕಡೆಯ ಹೆಸರನ್ನೇ ಇಟ್ಟಿದ್ದೆವು. ಕಣಜ ಕಟ್ಟದೆ ಬರೀ ಕುದುರೆ ಕೊಂಡದ್ದಕ್ಕೆ ನನ್ನ ತಾಳ್ಯದ ಜನ ಹಸಿದು ತಿರುಗಿಬಿದ್ದರು. ಮರುದಿನ ಆಫೀಸಿನಲ್ಲಿ ಹಣೆ ಹಿಡಿದು ಕೂತು, "ತಾಳ್ಯದಲ್ಲಿ ದಂಗೆ ಎದ್ದಿದೆ" ಎಂದೆ. ನಮ್ಮ ಜವಾನ ರುದ್ರಪ್ಪ ತಾಳ್ಯದವನು. ರಜೆ ಚೀಟಿ ಬರೆದಿಟ್ಟು ಸಿಕ್ಕ ಬಸ್ಸು ಹತ್ತಿ ಊರಿಗೆ ಓಡಿದ. ವಾಪಸು ಬಂದವನು ಎರಡು ವಾರ ನನಗೆ ನೀರು ತಂದುಕೊಡಲಿಲ್ಲ.

ಆಮೇಲೆ ಬುದ್ಧಿ ಬಂತು. ಕಣಜ ಕಟ್ಟಿದೆ, ಕೆರೆ ತೋಡಿಸಿದೆ, ಸಂತೆ ಕೂಡಿಸಿದೆ. ಒಪ್ಪಂದದ ಕರಡು ತಿದ್ದುವುದರಲ್ಲೇ ಮುಳುಗಿದ್ದ ವಕೀಲರ ಹೊಳಲ್ಕೆರೆ ಸುಲಭವಾಗಿ ಕೈಗೆ ಬಂತು. ಆದರೆ ಹೆಡ್‌ಮಾಸ್ಟರು ಮಾತ್ರ ಬಗ್ಗಲಿಲ್ಲ. ನಾನು ಎಲ್ಲಿಗೆ ದಂಡು ಕಳಿಸಿದರೂ ಅಲ್ಲಿ ಅವರ ಸೈನ್ಯ ಮೊದಲೇ ಬಂದು ನಿಂತಿರುತ್ತಿತ್ತು. ನನ್ನ ಸರದಿಗೆ ಗುಟ್ಟಿನ ಪಾಸ್‌ವರ್ಡ್ ಬೇರೆ ಇತ್ತು. ಇವರಿಗೆ ಹೇಗೆ ತಿಳಿಯುತ್ತದೆ ಎಂದು ತಲೆ ಕೆಡಿಸಿಕೊಂಡೆ. ಒಂದು ಭಾನುವಾರ ಬೆಳಿಗ್ಗೆ ಸ್ನಾನದ ಮನೆಯಿಂದ ಹೊರಬರುವಾಗ ನನ್ನ ಹೆಂಡತಿ ಗಿರಿಜಾ ಫೋನಿನಲ್ಲಿ ಹೊಸದುರ್ಗದ ಅಕ್ಕನಿಗೆ ಹೇಳುತ್ತಿದ್ದಳು: "ಯಾರಿಗೂ ಹೇಳ್ಬೇಡ ಅಂದಾರೆ ಕಣಕ್ಕಾ. ನಮ್ಮೋರು ಈ ಸಲ ನದಿ ದಾಟಿ ಬರ್ತಾರಂತೆ."

ನಾನು ಜಗಳ ಆಡಲಿಲ್ಲ. ಮುಂದಿನ ಶನಿವಾರ ಅವಳ ಜೊತೆ ಅವರೆಕಾಯಿ ಸುಲಿಯುತ್ತ ಕೂತು, "ಯಾರಿಗೂ ಹೇಳಬೇಡ, ಈ ಸಲ ಹಿರಿಯೂರಿನ ಮೇಲೆ ಹೋಗ್ತೀನಿ" ಎಂದೆ. ಹಿರಿಯೂರಿನವರೂ ಹೆಡ್‌ಮಾಸ್ಟರೂ ಒಂದೇ ಪಕ್ಷ. ನಾನು ಎಣಿಸಿದಂತೆಯೇ ಆಯಿತು. ಭಾನುವಾರ ಫೋನು ಹೋಯಿತು. ಗುರುವಾರ ಫ್ಲಾಪಿ ಬಂತು. ತೆರೆದು ನೋಡಿದರೆ ಹೆಡ್‌ಮಾಸ್ಟರ ಇಡೀ ಸೈನ್ಯ ಹಿರಿಯೂರಿನ ಕಾವಲಿಗೆ ಹೋಗಿದೆ! ಹೊಸದುರ್ಗದಲ್ಲಿ ಉಳಿದವರು ಇಬ್ಬರು ಬಿಲ್ಲುಗಾರರು. ಒಂದೇ ಸರದಿಯಲ್ಲಿ ಕೋಟೆ ಹಿಡಿದೆ. ಖುಷಿ ತಡೆಯಲಾರದೆ ಕುರ್ಚಿಯಿಂದ ನೆಗೆದು, ಹಿಟ್ಟಿನ ಡಬ್ಬಿ ಉರುಳಿಸಿ, ಬೈಸಿಕೊಂಡೆ. ಚಕ್ರವರ್ತಿಗಳು ಇಂಥದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಎರಡು ದಿನಕ್ಕೆ ಹೊಸದುರ್ಗದಿಂದ ಫೋನು. "ಏನಪ್ಪಾ, ಹಿರಿಯೂರಿಗೆ ಹೋಗ್ತೀನಿ ಅಂದಿದ್ಯಲ್ಲಾ?"

"ಅಣ್ಣಾ, ನಿಮಗೆ ಯಾರು ಹೇಳಿದ್ರು?"

ಆ ಕಡೆ ಫೋನು ಟಪ್ಪೆಂದು ಕೆಳಗಿಟ್ಟರು. ನನ್ನ ಜೀವಮಾನದಲ್ಲಿ ಒಬ್ಬ ಹೆಡ್‌ಮಾಸ್ಟರನ್ನು ಓಡಿಸಿದ್ದು ಅದೊಂದೇ ಸಲ. ಹಿರಿಯೂರಿನವರು ಮರುಸುತ್ತಿನಲ್ಲೇ ಶರಣಾಗಿ ಕಾಣಿಕೆ ಕಳಿಸಿದರು.

ಯುಗಾದಿಯ ದಿನ ಮಾವ ಬಾಗಿಲಲ್ಲೇ ನಿಂತಿದ್ದರು. "ಬರ್ರಿ ಬರ್ರಿ, ಇಲ್ಲಿ ಕುಂತ್ಕಳ್ರಿ" ಎಂದು ನನ್ನನ್ನು ಮೊದಲ ಎಲೆಗೆ ಕೂರಿಸಿದರು. ಹೋಳಿಗೆ ಬಿತ್ತು. ಅದರ ಮೇಲೆ ಬಿಸಿ ತುಪ್ಪ ಧಾರೆಯಾಗಿ ಇಳಿಯಿತು. ನನಗೆ ಜಾಗ ಬಿಟ್ಟುಕೊಟ್ಟ ಹೆಡ್‌ಮಾಸ್ಟರು ನನ್ನ ನಾಲ್ಕನೇ ಎಲೆಯಲ್ಲಿ ಅಡುಗೆಮನೆಯ ಬಾಗಿಲು ನೋಡುತ್ತ ಕೂತಿದ್ದರು. ಇದನ್ನು ಬರೆಯುವಾಗಲೂ ನನಗೆ ಸಂತೋಷ ಉಕ್ಕುತ್ತದೆ, ಸುಳ್ಳೇಕೆ ಹೇಳಲಿ?

ವಾಪಸು ಬರುವ ಬಸ್ಸಿನಲ್ಲಿ ಮನಸ್ಸು ತಡೆಯದೆ ಗಿರಿಜಾಗೆ ಎಲ್ಲ ಒಪ್ಪಿಸಿದೆ. ನಿನಗೆ ಬೇಕೆಂದೇ ಸುಳ್ಳು ಹೇಳಿದ್ದೆ, ತಪ್ಪು ತಿಳಿಯಬೇಡ ಎಂದೆ.

"ನಂಗೆ ಆಗ್ಲೇ ಗೊತ್ತಾತು ಬಿಡ್ರಿ. ಅವರೆಕಾಯಿ ಸುಲಿಯೋವಾಗ ಕಾಳು ಕಸಕ್ಕೆ, ಸಿಪ್ಪೆ ಪಾತ್ರೆಗೆ ಹಾಕ್ತಿದ್ರಿ ನೀವು."

"ಮತ್ತೆ ಅಕ್ಕನಿಗೆ ಯಾಕೆ ಹೇಳಿದೆ?"

"ಸುಮ್ನೆ ಹೇಳಿದ್ರೆ ನಂಬ್ತಾಳಾ ಅವ್ಳು? ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡು ಹೇಳ್ದೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಹೆಂಗಸ್ರ ಪಂಕ್ತೀಲೂ ಹನ್ನೊಂದು ವರ್ಷದಿಂದ ಕೊನೇ ಎಲೆ ನಂದೇ ಅಲ್ಲೇನ್ರಿ? ಇವತ್ತು ಅಮ್ಮ ಕೈ ಹಿಡಿದು ನನ್ನೇ ಮೊದ್ಲು ಕೂರಿಸಿದ್ಲು. ನೋಡಿದ್ರಾ?" ಎಂದಳು.

ನಾನು ನೋಡಿರಲಿಲ್ಲ. ಆ ಹೊತ್ತಿನಲ್ಲಿ ಹೆಡ್‌ಮಾಸ್ಟರಿಗೆ ತುಪ್ಪ ಬಂತೋ ಇಲ್ಲವೋ ಎಂದು ನೋಡುತ್ತಿದ್ದೆ.