ಎರಡು ಮಗ್ಗುಲಿನ ಹೋರಿ

ತಾಳಗುಂದದ ನಾಗೇಶ ಗರಗಸ ಹಿಡಿಯುವ ಹಾಗಾದದ್ದು ಹೆಂಡತಿಯ ಮೊಬೈಲಿನ ದೆಸೆಯಿಂದ. ಯಾರೋ ಪುಣ್ಯಾತ್ಮರು ದೀಪಾವಳಿಗೆಂದು ಪ್ಲೈವುಡ್ಡಿನಲ್ಲಿ ಆಳೆತ್ತರದ ಹೋರಿ ಕತ್ತರಿಸಿ, ಬಣ್ಣ ಬಳಿದು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ ಮನೆ ಮುಂದೆ ನಿಲ್ಲಿಸಿದ್ದನ್ನು ಗಂಗಾಶ್ರೀ ಅದರಲ್ಲಿ ನೋಡಿದ್ದಳು. ನಮ್ಮ ಬಾಗಿಲಿಗೂ ಅಂಥದೊಂದು ಬೇಕು ಎಂದಳು. ನಾಗೇಶನಿಗೆ ಮೆಕ್ಕೆಜೋಳ ಬೆಳೆಯುವುದು ಗೊತ್ತಿತ್ತು, ಟಿಲ್ಲರ್ ಬಿಚ್ಚಿ ಜೋಡಿಸುವುದು ಗೊತ್ತಿತ್ತು. ಚಿತ್ರ ಬರೆಯುವುದು ಗೊತ್ತಿಲ್ಲ ಎನ್ನುವುದು ಮಾತ್ರ ಅಲ್ಲಿಯತನಕ ಅವನಿಗೇ ಗೊತ್ತಿರಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ, ಆನವಟ್ಟಿಯಿಂದ ತಂದ ಹಲಗೆಯನ್ನು ಅಂಗಳದಲ್ಲಿ ಹಾಸಿ ಇದ್ದಿಲಿನಲ್ಲಿ ಗೆರೆ ಎಳೆದ. ಮೊದಲು ಬಂದದ್ದು ಗಬ್ಬದ ಕುರಿ. ಅಳಿಸಿ ಎಳೆದರೆ ನಾಲ್ಕು ಕಾಲಿನ ಮಂಚದ ಹಾಗೆ ಕಂಡಿತು. ಕೊನೆಗೆ ಗಂಗಾಶ್ರೀಯೇ ಇದ್ದಿಲು ಕಸಿದುಕೊಂಡು ಡುಬ್ಬ, ಕೋಡು, ಬಾಲ ಬರೆದಳು. ನಾಗೇಶ ಗರಗಸ ಆಡಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಎತ್ತಿ ನಿಲ್ಲಿಸುವ ಹೊತ್ತಿಗೆ ಮೈಯೆಲ್ಲ ಮರದ ಪುಡಿ ಮೆತ್ತಿ ರವೆ ಉಂಡೆಯಂತಾಗಿದ್ದ. ಆದರೂ ಹೋರಿ ಹೋರಿಯಂತೆಯೇ ಇತ್ತು.

ಅಷ್ಟರಲ್ಲಿ ಪಕ್ಕದ ಮನೆಯ ವೀರಬಸಪ್ಪ ಬಂದ. ಅವನ ಹೋರಿಯೆಂದರೆ ಊರಿಗೇ ಹೆಮ್ಮೆ. ಹೋರಿ ಹಬ್ಬದಲ್ಲಿ ಬಿಟ್ಟರೆ ಬಾಣದ ಹಾಗೆ ಓಡುತ್ತಿತ್ತು; ಅದರ ಕೊರಳಿನ ಕೊಬ್ಬರಿ ಹಾರ ಕೀಳಲು ಬಂದವರಲ್ಲಿ ಇದುವರೆಗೆ ಒಬ್ಬನ ಕೈಗೂ ಅದು ಸಿಕ್ಕಿರಲಿಲ್ಲ. ಈಗ ಕೆಲವು ವಾರಗಳಿಂದ, ದೃಷ್ಟಿ ತಾಗುತ್ತದೆಂದು ಹಿತ್ತಲ ಕೊಟ್ಟಿಗೆಯಲ್ಲಿ ಕಟ್ಟಿದ್ದೇನೆಂದು ಹೇಳಿ, ಯಾರಿಗೂ ತೋರಿಸುತ್ತಿರಲಿಲ್ಲ. ಹೆಂಡತಿ ತಾಯಮ್ಮನನ್ನು ಕೂಡ ಕೊಟ್ಟಿಗೆಯ ಬಾಗಿಲ ಒಳಗೆ ಬಿಡುತ್ತಿರಲಿಲ್ಲ.

"ಬರೆಯೋದಾದ್ರೆ ನಮ್ ಹೋರೀನೇ ಬರಿಯಲೇ ನಾಗೇಶ," ಎಂದ. "ಹಣೆ ಮೇಲೆ ವೀಳ್ಯದೆಲೆ ಹಂಗ ಬಿಳಿ ಮಚ್ಚೆ ಬರ್ಬೇಕು. ಊರಿನ ಮರ್ಯಾದೆ ಐತಿ ಇದರಾಗ."

ನಾಗೇಶ ಆಯಿತೆಂದ. ಡುಬ್ಬದ ಮೇಲಿನ ಗಾಯದ ಗುರುತು, ಬಾಲದ ತುದಿಯ ಬಿಳಿ ಕೂದಲು ಎಲ್ಲವನ್ನೂ ವೀರಬಸಪ್ಪ ಪಕ್ಕದಲ್ಲೇ ಕೂತು ಬರೆಸಿದ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದ. ಅವನು ಎದ್ದು ಹೋದದ್ದೇ ತಡ, ಗಂಗಾಶ್ರೀ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಆನವಟ್ಟಿಯ ಅವಳ ಅಣ್ಣ ಪರಶುರಾಮನೂ ಈ ಸಲ ಹೊಸ ಹೋರಿ ಕಟ್ಟಿದ್ದ. ಹಬ್ಬಕ್ಕೆ ಕರೆಯಲು ಅವನು ಸಂಜೆ ಬರುವವನಿದ್ದ. ಸ್ವಂತ ತಂಗಿಯ ಬಾಗಿಲಲ್ಲಿ ಶಿಕಾರಿಪುರದ ಕಡೆಯ ವೀರಬಸಪ್ಪನ ಹೋರಿ ನಿಂತಿದ್ದರೆ ಸೊರಬದ ಕಡೆಯ ತನ್ನ ತವರಿನವರು ಏನಂದುಕೊಳ್ಳಬೇಕು ಎಂದು ಅವಳು ಕೇಳಿದಳು.

ನಾಗೇಶ ತಲೆ ಕೆರೆದುಕೊಂಡ. ಬಣ್ಣದ ಕೈಯಲ್ಲಿ ಕೆರೆದುಕೊಂಡದ್ದರಿಂದ ಕೂದಲು ಕಂದಾಯಿತು, ಉಪಾಯವೂ ಹೊಳೆಯಿತು. ಹಲಗೆಗೆ ಎರಡು ಮಗ್ಗುಲಿದೆ. ಬೀದಿಯ ಕಡೆಗೆ ವೀರಬಸಪ್ಪನ ಹೋರಿ, ಮನೆಯ ಕಡೆಗೆ ಭಾವನ ಹೋರಿ.

ಪರಶುರಾಮನಿಗೆ ಫೋನ್ ಮಾಡಿ ಹೋರಿ ಹೇಗಿದೆ ಎಂದು ಕೇಳಿದರೆ, ಅವನು ನಿನಗ್ಯಾಕೆ ಅದೆಲ್ಲ ಎಂದು ಗೊಣಗಿದ. ತಂಗಿಯೇ ಫೋನ್ ತೆಗೆದುಕೊಂಡು ಹಟ ಹಿಡಿದ ಮೇಲೆ ಮೆಲ್ಲಗೆ, ಕದ್ದು ಮಾತಾಡುವವನಂತೆ ಹೇಳಿದ. ಕಂದು ಮೈ. ಹಣೆಯಲ್ಲಿ ವೀಳ್ಯದೆಲೆಯಂಥ ಬಿಳಿ ಮಚ್ಚೆ.

ನಾಗೇಶ ಬ್ರಷ್ ಹಿಡಿದು ಬರೆದ. ಆಮೇಲೆ ಈ ಕಡೆ ಬಗ್ಗಿ ನೋಡಿದ, ಆ ಕಡೆ ಬಗ್ಗಿ ನೋಡಿದ. ವೀಳ್ಯದೆಲೆ ಹೇಳಿದ್ದು ಯಾರು? ವೀರಬಸಪ್ಪಣ್ಣನೋ, ಭಾವನೋ? ಎಲ್ಲೋ ತಾನೇ ಕಲಸಿಬಿಟ್ಟೆ ಎಂದುಕೊಂಡು ಸೀಮೆಎಣ್ಣೆ ಬಟ್ಟೆಯಲ್ಲಿ ಮಚ್ಚೆಯನ್ನು ಒರೆಸಿದ. ಮತ್ತೆ ಫೋನ್ ಮಾಡಿದ. ಭಾವ ಮತ್ತೆ ವೀಳ್ಯದೆಲೆಯನ್ನೇ ಹೇಳಿದ, ಜೊತೆಗೆ ಡುಬ್ಬದ ಗಾಯವನ್ನೂ ಸೇರಿಸಿದ. ಬಾಲ ಹೇಗಿದೆ ಎಂದು ಕೇಳಲು ಧೈರ್ಯವಾಗಲಿಲ್ಲ, ಆದರೂ ಕೇಳಿದ. ತುದಿ ಬಿಳಿ ಎಂಬ ಉತ್ತರ ಬಂತು.

"ನೀವು ಅರ್ಧ ಕಿವಿ ಕೊಟ್ಟು ಕೇಳ್ತೀರಿ, ಅದಕ್ಕೇ ಹೀಗಾಗೋದು," ಎಂದು ಗಂಗಾಶ್ರೀ ಒಳಗೆ ಹೋದಳು. ನಾಗೇಶ ಕಿವಿಯೊಳಗೆ ಬೆರಳು ಹಾಕಿ ತಿರುವಿದ. ಮರದ ಪುಡಿ ಬಂತೇ ಹೊರತು ಪರಿಹಾರ ಬರಲಿಲ್ಲ. ಕೊನೆಗೆ ಅವರವರು ಹೇಳಿದ್ದನ್ನೇ ಅವರವರ ಮಗ್ಗುಲಿಗೆ ಬರೆದು, ಹಾರ ಹಾಕಿ, ಬಾಗಿಲ ಮುಂದೆ ಗೂಟ ಹೊಡೆದು ನಿಲ್ಲಿಸಿದ.

ಸಂಜೆ ಪರಶುರಾಮ ನಡೆದುಕೊಂಡೇ ಬಂದ. ಹೋರಿ ನೋಡಲು ನೆರೆದಿದ್ದ ಊರ ಹುಡುಗರ ನಡುವೆ ವೀರಬಸಪ್ಪನನ್ನು ಕಂಡವನೇ ಮುಖ ಬೇರೆ ಕಡೆ ತಿರುಗಿಸಿದ. ವೀರಬಸಪ್ಪ ಹೆಗಲ ಮೇಲಿನ ಟವಲನ್ನು ತೆಗೆದು ಕೊಡವಿ ಮತ್ತೆ ಹಾಕಿಕೊಂಡ. ಹುಡುಗರಿಗೆಲ್ಲ ಮುಖಂಡನಂತಿದ್ದ ಸಣ್ಣಬೀರಪ್ಪ ಹಲಗೆಯನ್ನು ಸುತ್ತು ಹಾಕಿದ. ಇನ್ನೊಂದು ಸುತ್ತು ಹಾಕಿದ. ದೇವಸ್ಥಾನದ ಪ್ರದಕ್ಷಿಣೆಗೆ ಬಂದವನ ಹಾಗೆ ಸುತ್ತುತ್ತಲೇ ಇದ್ದು ಕೊನೆಗೆ ನಿಂತ.

"ನಾಗೇಶಣ್ಣ, ಎರಡು ಕಡೆನೂ ಒಂದೇ ಹೋರಿ ಬರ್ದೀಯಲ್ಲ?"

ನಾಗೇಶನಿಗೆ ಇದ್ದದ್ದನ್ನು ಹೇಳದೆ ಬೇರೆ ದಾರಿ ಇರಲಿಲ್ಲ. ಬೀದಿ ಕಡೆಯದು ವೀರಬಸಪ್ಪಣ್ಣ ಹೇಳಿದ್ದು, ಮನೆ ಕಡೆಯದು ಭಾವ ಹೇಳಿದ್ದು, ಎರಡೂ ಒಂದೇ ಥರ ಯಾಕಾದವೋ ತನಗೂ ತಿಳಿಯಲಿಲ್ಲ ಎಂದ. ಸಣ್ಣಬೀರಪ್ಪ ಇಬ್ಬರ ಮುಖವನ್ನೂ ನೋಡಿದವನೇ ವೀರಬಸಪ್ಪನ ಹಿತ್ತಲಿಗೆ ಓಡಿದ. ತಿರುಗಿ ಬಂದಾಗ ಅವನ ಮುಖ ಕಪ್ಪಿಟ್ಟಿತ್ತು. ಕೊಟ್ಟಿಗೆಯಲ್ಲಿ ಹುಲ್ಲಿತ್ತು, ಹಗ್ಗವಿತ್ತು, ಹೋರಿ ಇರಲಿಲ್ಲ.

ವೀರಬಸಪ್ಪ ಕಟ್ಟೆಯ ಮೇಲೆ ಕೂತುಬಿಟ್ಟ. ಹೋದ ವರ್ಷದ ಹಬ್ಬದಲ್ಲಿ ಹಗ್ಗ ಹಿಡಿದಾಗ ಹೋರಿ ಎಳೆದುಕೊಂಡು ಹೋಗಿ ಅವನ ಮಂಡಿ ಮುರಿದಿತ್ತು. ಈಗ ಹಿಡಿಯುವ ಶಕ್ತಿ ಇಲ್ಲ, ಇಲ್ಲವೆಂದು ಊರಿನವರಿಗೆ ಹೇಳುವ ಬಾಯೂ ಇರಲಿಲ್ಲ. ಹಾಗಾಗಿ ಗುಟ್ಟಾಗಿ ಪರಶುರಾಮನಿಗೆ ಕೊಟ್ಟಿದ್ದ. ಹೋದ ಹೋರಿಯ ಮುಖ ದಿನಾ ಬೀದಿಯಲ್ಲಾದರೂ ಕಾಣಲಿ, ಊರೂ ಅದನ್ನೇ ನೋಡಿಕೊಂಡು ಸುಮ್ಮನಿರಲಿ ಎಂದು ಬರೆಸಿದ್ದ. ಇಷ್ಟನ್ನೂ ಅವನು ಮಂಡಿ ನೀವಿಕೊಳ್ಳುತ್ತ ಹೇಳಿದ. ಗದ್ದಲ ಕೇಳಿ ಬಂದಿದ್ದ ತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಪರಶುರಾಮ ಮುಂದೆ ಬಂದ. "ಯಜಮಾನ್ರೆ, ನಿಮ್ಮ ಹೋರಿ ಕೆರೆ ಏರಿ ಮೇಲೆ ಟೆಂಪೋದಲ್ಲಿದೆ. ಹುಲ್ಲು ಮುಟ್ಟೋದಿಲ್ಲ, ನಮ್ಮನ್ನ ಹತ್ರ ಸೇರ್ಸೋದಿಲ್ಲ. ಕತ್ತಲಾದ ಮೇಲೆ ಸುಮ್ನೆ ಕೊಟ್ಟಿಗೆಯಲ್ಲಿ ಕಟ್ಟಿ ಹೋಗೋಣ ಅಂತ ತಂದಿದ್ದೆ. ಒಂದು ನರಪಿಳ್ಳೆಗೂ ಗೊತ್ತಾಗ್ತಿರ್ಲಿಲ್ಲ."

ಎಲ್ಲರೂ ತಿರುಗಿ ನಾಗೇಶನನ್ನು ನೋಡಿದರು. ವೀರಬಸಪ್ಪನೂ ನೋಡಿದ, ಭಾವನೂ ನೋಡಿದ. ಅಣ್ಣನ ಗುಟ್ಟು ರಟ್ಟಾಯಿತೆಂದು ಗಂಗಾಶ್ರೀಯೂ ನೋಡಿದಳು. ತಾನು ಮಾಡಿದ ತಪ್ಪೇನು ಎಂದು ನಾಗೇಶ ಯೋಚಿಸುತ್ತಿದ್ದಂತೆ ಹುಡುಗರು ಕೇಕೆ ಹಾಕುತ್ತ ಟೆಂಪೋ ತಂದರು.

ಹೋರಿ ಇಳಿಯಿತು. ವೀರಬಸಪ್ಪನ ಅಂಗೈ ಮೂಸಿತು. ಆಮೇಲೆ ತಲೆ ಎತ್ತಿದರೆ ಎದುರಿಗೆ, ಹಾರ ಹಾಕಿಕೊಂಡು, ಹಣೆಯಲ್ಲಿ ವೀಳ್ಯದೆಲೆ ಇಟ್ಟುಕೊಂಡು ಇನ್ನೊಬ್ಬ ನಿಂತಿದ್ದ. ಅದು ಒಂದು ಗಳಿಗೆ ಕಕ್ಕಾಬಿಕ್ಕಿಯಾಯಿತು. ಮರುಗಳಿಗೆ ತಲೆ ತಗ್ಗಿಸಿ ನುಗ್ಗಿತು. ಹಲಗೆ ಫಟಾರೆಂದು ಎರಡು ತುಂಡಾಗಿ, ಒಂದು ಚರಂಡಿಗೂ ಇನ್ನೊಂದು ಗಂಗಾಶ್ರೀಯ ರಂಗೋಲಿಗೂ ಬಿತ್ತು. ಹೋರಿ ಚೆಂಡುಹೂವಿನ ಹಾರವನ್ನು ಅಗಿಯತೊಡಗಿತು.

ಊರಿಗೆಲ್ಲ ಹುರುಪು ಬಂತು. ನಾಳೆ ಹೋರಿ ತಾಳಗುಂದದ ಹೆಸರಿನಲ್ಲೇ ಓಡಬೇಕು ಎಂದು ತೀರ್ಮಾನವಾಯಿತು. ಆದರೆ ಓಡಲು ಬಿಡುವ ತನಕ ಅದರ ಹಗ್ಗ ಹಿಡಿಯುವವರು ಯಾರು? ವೀರಬಸಪ್ಪನಿಗೆ ಮಂಡಿಯಿಲ್ಲ, ಪರಶುರಾಮನನ್ನು ಹೋರಿ ಸೇರಿಸುವುದಿಲ್ಲ, ಹುಡುಗರೆಲ್ಲ ಒಬ್ಬರ ಬೆನ್ನ ಹಿಂದೆ ಒಬ್ಬರು ಸರಿದರು. ವೀರಬಸಪ್ಪ ಹಗ್ಗವನ್ನು ತಂದು, ಬಣ್ಣ ಇನ್ನೂ ಆರಿರದ ನಾಗೇಶನ ಕೈಗೆ ಸುತ್ತಿದ.

"ಇದರ ಮೈಮೇಲಿನ ಒಂದೊಂದು ಮಚ್ಚೆನೂ ನಿಂಗ್ ಗೊತ್ತೈತಿ," ಎಂದ. "ನೀನೇ ಹಿಡಿ."